ಹೂಂ ಎಂದವಳನ್ನು ಸರಿ ಎಂದು ಬರೆದವರಿಗೆ

ನೋಟಮನೆ, ತುಂಗಭದ್ರೆಯ ಎಡದಂಡೆ
ಫೆಬ್ರವರಿ 30, 2194

ನೂರೆಪ್ಪತ್ತು ವರ್ಷ ಹಿಂದಿನ ಹಿರಿಯರೇ,

ದಿನಾಂಕ ನೋಡಿ ನಗಬೇಡಿ. ಪಂಚಾಂಗ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿವೆ. ನನ್ನ ಕೆಲವು ಮಾತುಗಳು ಹೊಸ ಚಪ್ಪಲಿಯಂತೆ ಕಚ್ಚಬಹುದು. ನಾಲ್ಕು ಹೆಜ್ಜೆ ನಡೆದರೆ ಹೊಂದಿಕೊಳ್ಳುತ್ತವೆ. ಕ್ಷಮೆ ಇಷ್ಟಕ್ಕೆ ಮಾತ್ರ. ಮುಂದಿನ ಸಿಟ್ಟಿಗೆ ನಾನು ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ದ್ಯಾಮವ್ವ. ಕಥೆ ಹೇಳುವವರ ಮನೆಯಲ್ಲಿ ಬೆಳೆದೆ. ಈಗ ನೋಟಗಾರರಿಗೆ ಕಲಿಸುತ್ತೇನೆ. ಮಗುವಿಗೆ ಆಟಿಸಂ ಇದೆಯೋ ಇಲ್ಲವೋ ಎಂದು ನೋಡಿ, ವಿಚಾರಿಸಿ, ಬರೆದುಕೊಡುವವರು ನೋಟಗಾರರು. ಅವರ ಕಲಿಕೆ ಎರಡು ವರ್ಷದ್ದು. ಮೊದಲ ಆರು ತಿಂಗಳು ಕೈಗೆ ಪೆನ್ನು ಕೊಡುವುದಿಲ್ಲ. ಅಂಗನವಾಡಿಯ ಮೂಲೆಯಲ್ಲಿ, ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ, ಬಿಸಿಲಿನಿಂದ ಕರೆಂಟು ತೆಗೆಯುವ ಬಿಸಿಲುಚಪ್ಪರ ಹೊದ್ದ ಕಾಲುವೆಯ ದಂಡೆಯಲ್ಲಿ ಕೂತು ಮಕ್ಕಳನ್ನು ನೋಡುವುದೇ ಕೆಲಸ. ನಾಚುವ ಮಗು, ಕಿವಿ ಮಂದವಿರುವ ಮಗು, ಮನೆಯಲ್ಲಿ ಒಂದು ಭಾಷೆ ಬೀದಿಯಲ್ಲಿ ಇನ್ನೊಂದು ಆಡುವ ಮಗು, ಬರೀ ತುಂಟ ಮಗು, ಎಲ್ಲವನ್ನೂ ಕಂಡಿರದವರಿಗೆ ಬೇರೆಯದು ಹೇಗೆ ಗೊತ್ತಾಗಬೇಕು? ಆಮೇಲೆ ಜೋಡಿನೋಟ. ಇಬ್ಬರು ಒಂದೇ ಮಗುವನ್ನು ನೋಡಿ, ಒಬ್ಬರ ಬರಹ ಒಬ್ಬರಿಗೆ ತೋರಿಸದೆ ಬರೆಯಬೇಕು. ಎರಡೂ ಹೊಂದದಿದ್ದರೆ ಯಾರೂ ಸಹಿ ಹಾಕುವಂತಿಲ್ಲ. ಮತ್ತೆ ಮಗುವಿನ ಬಳಿಗೇ ಹೋಗಬೇಕು.

ಇಂಥ ಕ್ರಮವಿದ್ದೂ ನಾವು ಕೆಟ್ಟೆವು. ನೋಟಗಾರರು ಸಾಲದೆಂದು ಮೇಲಿನವರು ಹಳೆಯ ಕಡತ ತೆಗೆದರು. ಅದರಲ್ಲಿ ನಿಮ್ಮ ಕಾಲದ ನೋಟಗಾರರ ಒಂದು ತರಬೇತಿ ಶಿಬಿರದ ದಾಖಲೆಯಿತ್ತು: ಎರಡು ದಿನ, ಒಂದು ಪ್ರಶ್ನಾವಳಿ, ಮಧ್ಯಾಹ್ನ ಊಟ, ಸಂಜೆ ಪ್ರಮಾಣಪತ್ರ, ಗುಂಪು ಫೋಟೊ. ಹಿರಿಯರು ಎರಡು ದಿನದಲ್ಲಿ ಮಾಡಿದ್ದನ್ನು ನಾವು ಹತ್ತು ದಿನದಲ್ಲಿ ಮಾಡಲಾರೆವೇ ಎಂದರು. ಮಾಡಿದರು.

ಹಾಗೆ ಹತ್ತು ದಿನದಲ್ಲಿ ನೋಟಗಾರನಾಗಿ ಬಂದವನು ಸೋಮನಿಂಗ. ಒಳ್ಳೆಯ ಹುಡುಗ, ಮಕ್ಕಳೆಂದರೆ ಪ್ರಾಣ. ಅದಕ್ಕೇ ನನಗೆ ಹೆಚ್ಚು ಸಂಕಟ. ಅವನ ಮುಂದೆ ಆರು ವರ್ಷದ ಹುಲಿಗೆವ್ವನನ್ನು ಅವಳ ಅಜ್ಜಿ ಯಂಕವ್ವ ಕರೆತಂದಳು. ಅವನು ಮಾತಾಡಿದ, ಹುಡುಗಿ ಅವನ ಮುಖ ನೋಡುತ್ತ ಸರಿಯಾದ ಜಾಗದಲ್ಲೆಲ್ಲ ಹೂಂ ಎಂದಳು. ‘ಸಂಭಾಷಣೆ ಚೆನ್ನಾಗಿದೆ’ ಎಂಬಲ್ಲಿ ಗುರುತು ಬಿತ್ತು. ನಮ್ಮ ಕಡೆ ಕಥೆ ಕೇಳುವ ಮಗು ಮಾತುಮಾತಿಗೂ ಹೂಂಗುಟ್ಟಬೇಕು. ಇಲ್ಲದಿದ್ದರೆ ಹೇಳುವವರು ಕಥೆ ನಿಲ್ಲಿಸುತ್ತಾರೆ. ಯಂಕವ್ವನಿಗೆ ಅದು ತಿಳಿದಿತ್ತು. “ಸಾಹೇಬ್ರ, ಅದು ಕಥಿ ಕೇಳಿ ಕಲ್ತದ್ದರಿ. ನಾ ಸತ್ತ್ ಹೋಗ್ತೀನಿ ಅಂದ್ರೂ ಹೂಂ ಅಂತೈತಿ,” ಎಂದಳು. ಅವನು ನಕ್ಕ. “ಅಜ್ಜಿ, ನಿನ್ ಮೊಮ್ಮಗಳು ನನಗಿಂತ ಚಂದ ಮಾತಾಡ್ತಾಳ. ಸುಮ್ನ ಮನಿಗೆ ನಡಿ,” ಎಂದ. ಜೋಡಿನೋಟದ ಎರಡನೆಯವರು ಹುಡುಗಿಯನ್ನು ನೋಡಲೇ ಇಲ್ಲ. ಅವನ ಹಾಳೆ ಓದಿ ಸಹಿ ಹಾಕಿದರು.

ಆ ಹಾಳೆ ಶಾಲೆಗೆ ಹೋಯಿತು. ಗಂಟೆ ಹೊಡೆದಾಗ ಹುಲಿಗೆವ್ವ ಕಿವಿ ಮುಚ್ಚಿ ಚೀರುತ್ತಿದ್ದಳು. “ಏನೂ ಇಲ್ಲ ಅಂತ ಬರದಾರ, ಇದು ಬರೇ ಸೊಕ್ಕು,” ಎಂದ ಮಾಸ್ತರರು, ರೂಢಿಯಾಗಲೆಂದು ಅವಳನ್ನು ದಿನಾ ಗಂಟೆಯ ಕೆಳಗೇ ನಿಲ್ಲಿಸಿದರು. ಮೂರು ವರ್ಷ.

ಯಂಕವ್ವ ಕೊನೆಗೆ ನನ್ನ ಹೊಸ್ತಿಲಿಗೆ ಬಂದಳು. ನಾನು ಅವರ ಮನೆಗೆ ಹೋಗಿ, ಹುಡುಗಿಯ ಎದುರು ಕೂತು ಕಥೆ ತೆಗೆದೆ. “ಒಂದೂರಾಗ ಒಬ್ಬ ರಾಜ ಇದ್ದ.” ಹೂಂ. “ಅವನ ತಲಿ ಮ್ಯಾಲ ಎಮ್ಮಿ ಹುಲ್ಲ್ ಮೇಯತಿತ್ತು.” ಹೂಂ. “ಆ ಎಮ್ಮಿ ನಿಮ್ಮಜ್ಜಿನ್ನ ನುಂಗಿಬಿಡ್ತು.” ಹೂಂ. ಒಲೆಯ ಮುಂದಿದ್ದ ಯಂಕವ್ವ, “ನುಂಗ್ಲಿ ಬಿಡವ್ವ, ರೊಟ್ಟಿ ಬಡಿಯೂದರ ತಪ್ಪತೈತಿ,” ಎಂದಳು. ನಾನು ನಕ್ಕೆ. ಹುಡುಗಿ ನಗಲಿಲ್ಲ, ಗಾಬರಿಯಾಗಲೂ ಇಲ್ಲ. ಮುಂದಿನ ಹೂಂ ಹೇಳುವ ಜಾಗಕ್ಕೆ ಕಾದಳು. ಕಥೆ ಬಿಟ್ಟು ನಾನು ಅವಳು ಕೂತ ಕೌದಿಯನ್ನು ಮುಟ್ಟಿದಾಗ ಮಾತು ಹರಿಯಿತು: ಯಾವ ತುಂಡು ಯಾರ ಸೀರೆಯದು, ಯಾವ ಹೊಲಿಗೆ ಎಲ್ಲಿ ತಪ್ಪಿದೆ, ಅರ್ಧ ಗಂಟೆ, ನನ್ನತ್ತ ಒಮ್ಮೆಯೂ ತಿರುಗದೆ.

ಒಂದು ಹೂಂನಿಂದ ಆಟಿಸಂ ಎಂದು ನಾನೂ ಬರೆಯಲಿಲ್ಲ. ಬರೆದಿದ್ದರೆ ನಾನೂ ಹತ್ತು ದಿನದವಳೇ. ಆ ಗುರುತು ಸುಳ್ಳು ಎಂದಷ್ಟೇ ತಿಳಿಯಿತು. ಹೊಸ ಇಬ್ಬರು ಅವಳನ್ನು ಮನೆಯಲ್ಲಿ, ಶಾಲೆಯಲ್ಲಿ, ಓಣಿಯಲ್ಲಿ ನೋಡಿದರು. ಹುಟ್ಟಿನಿಂದ ಆದದ್ದನ್ನೆಲ್ಲ ಯಂಕವ್ವನಿಂದ ಕೇಳಿದರು. ಬೇರೆಬೇರೆ ಕೂತು ಬರೆದರು. ಎರಡೂ ಹಾಳೆ ಒಂದೇ ಮಾತು ಹೇಳಿದವು: ಆಟಿಸಂ. ಮರುದಿನ ಶಾಲೆಯ ಗಂಟೆ ಇಳಿಯಿತು. ಸೋಮನಿಂಗ ಪ್ರಮಾಣಪತ್ರ ಮಡಚಿ, ಪೆನ್ನಿಲ್ಲದ ಆರು ತಿಂಗಳಿಗೆ ತಾನೇ ಬಂದು ಕೂತಿದ್ದಾನೆ.

ನಮಗೆ ಏನೂ ತಿಳಿದಿರಲಿಲ್ಲ ಎಂದು ಹೇಳಬೇಡಿ. ನಿಮ್ಮ ಕಡತದಲ್ಲೇ ಯಾರೋ ಅಂಚಿನಲ್ಲಿ ಬರೆದಿದ್ದಾರೆ: ‘ಎರಡು ದಿನ ಸಾಲದು.’ ಆಮೇಲೆ ಅದೇ ಕೈ ಶಿಬಿರ ಯಶಸ್ವಿ ಎಂದೂ ಬರೆದಿದೆ. ಕುಂಬಾರನಿಗೂ ಮಣ್ಣು ತುಳಿಯಲು ವರ್ಷ ಕೊಟ್ಟವರು, ಮಗುವಿನ ಬಾಳು ಬರೆಯುವವನಿಗೆ ಎರಡು ದಿನ ಕೊಟ್ಟಿರಿ!

ಹುಲಿಗೆವ್ವನಿಗೆ ಈಗ ಒಂಬತ್ತು. ಆ ಮೂರು ವರ್ಷ ಹಿಂದಕ್ಕೆ ತರುವ ಯಂತ್ರ ನಮ್ಮಲ್ಲೂ ಇಲ್ಲ. ಆದರೆ ನೀವು ಇದನ್ನು ಓದುವ ಹೊತ್ತಿಗೆ ನಿಮ್ಮ ಓಣಿಯ ಇಂಥದೇ ಹುಡುಗಿ ಇನ್ನೂ ಆರರಲ್ಲೇ ಇದ್ದಾಳೆ. ಅವಳ ಅಜ್ಜಿ ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಾದಿದ್ದಾಳೆ. ಮೊದಲು ಆಕೆಯನ್ನು ಒಳಗೆ ಕರೆಯಿರಿ.

ಇಂತಿ,
ದ್ಯಾಮವ್ವ