ವಿರುಪಾಕ್ಷಿಯ ಕೆಂಪು ಚಿಂದಿಗಳು

೧೩ ಡಿಸೆಂಬರ್ ೨೦೨೪, ಶುಕ್ರವಾರ, ರಾತ್ರಿ

ಕೊಟ್ಟ ಮಾತು ತಪ್ಪಿದೆ. ಕಾರ್ಖಾನೆಗೆ ಸರ್ಕಾರ ವಿದ್ಯುತ್ ಉಳಿತಾಯದ ಗುರಿ ಕೊಟ್ಟಿದೆ, ಗಾಳಿ ಸೋರಿದಷ್ಟೂ ಕಂಪ್ರೆಸರ್ ಹೆಚ್ಚು ಕರೆಂಟು ತಿನ್ನುತ್ತದೆ, ಗುರಿ ಮುಟ್ಟಲು ಸೋರುವ ಪೈಪು ಬದಲಿಸಲೇಬೇಕು, ಬದಲಿಸುತ್ತೇವೆ ಎಂದು ಫಿಟ್ಟರ್ ವಿರುಪಾಕ್ಷಿಗೆ ಹೇಳಿದವನು ನಾನೇ. ಅವನು ನಂಬಿದ. ಮೂರು ತಿಂಗಳು ಪೈಪುಗಳಿಗೆ ಸಾಬೂನು ನೀರು ಬಳಿದು, ಗುಳ್ಳೆ ಎದ್ದಲ್ಲೆಲ್ಲ ಹೆಂಡತಿಯ ಹಳೆ ಸೀರೆಯ ಕೆಂಪು ಚಿಂದಿ ಕಟ್ಟಿದ. ನಲವತ್ತೊಂದು ತೂತು.

ಇವತ್ತು ಸಾಹೇಬರು ಕರೆದರು. "ಪೈಪ್ ಬ್ಯಾಡ್ರಿ. ಬ್ಯಾರೆ ಕಾರ್ಖಾನಿಯವ್ರು ಜಾಸ್ತಿ ಉಳಿಸ್ಯಾರ, ಅವರ ಉಳಿತಾಯದ ಸರ್ಟಿಫಿಕೇಟ್ ಕೊಂಡೇವಿ, ಸರ್ಕಾರ ಅದನ್ನ ನಮ್ಮ ಗುರಿ ಲೆಕ್ಕಕ್ಕ ಹಿಡೀತೈತಿ. ಅಗ್ಗ ಆತು. ನಾಳೆ ಇಂಧನ ಉಳಿತಾಯ ದಿನ, ಆ ಚಿಂದಿ ಬಿಚ್ಚಿಸ್ರಿ."

ವಿರುಪಾಕ್ಷಿ ಒಂದೊಂದೇ ಬಿಚ್ಚಿ ನನ್ನ ಕೈಗಿಟ್ಟ. "ಅವರು ಉಳಿಸಿದ್ದು ನಮ್ಮ ತೂತು ಮುಚ್ಚತೈತೇನ್ರಿ ಸರ?"

"ಕಾಗದದಾಗ ಮುಚ್ಚತೈತಪಾ."

"ಹಂಗಾರ ಪೈಪಿಗೂ ಕಾಗದಾನ ಸುತ್ತೂಣ ಬಿಡ್ರಿ."

ನಾಳೆಯ ಬ್ಯಾನರಿನಲ್ಲಿ ನನ್ನದೇ ಪ್ರಾಸ: 'ಸೋರಿಕೆ ತಡೆಯೋಣ, ಉಳಿತಾಯ ಪಡೆಯೋಣ.' ಪ್ರಾಸವಂತೂ ಎಲ್ಲೂ ಸೋರುತ್ತಿಲ್ಲ.

ಮನೆಗೆ ಬಂದಾಗ ಊಟದ ಡಬ್ಬಿ ತೆಗೆಯಲು ಹೆಂಡತಿ ಶೈಲಜಾ ನನ್ನ ಚೀಲಕ್ಕೆ ಕೈ ಹಾಕಿದಳು; ಕೈಗೆ ಬಂದದ್ದು ಆ ಕೆಂಪು ಚಿಂದಿಗಳು. "ಯಾರ ಸೀರಿರಿ ಇದು?"

ಇಡೀ ಕಥೆ ಹೇಳುವ ಶಕ್ತಿ ಇರಲಿಲ್ಲ. "ವಿರುಪಾಕ್ಷಿ ಹೆಂಡತಿದು" ಎಂದುಬಿಟ್ಟೆ.

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಇನ್ನೂ ಜೋರಾಗಿದೆ. ಇವಳಿಗೆ ಬೆಳಿಗ್ಗೆ ಹೇಗೋ ತಿಳಿಸಿ ಹೇಳಬಹುದು. ವಿರುಪಾಕ್ಷಿಗೆ ಏನಂತ ಹೇಳಲಿ?