ತಿಗಣೆಗೆ ಊಟ

ಬಿಳೇಕಹಳ್ಳಿ
14 ಅಕ್ಟೋಬರ್ 2024

ಮುದ್ದಿನ ತೇಜಸ್ವಿನಿಗೆ ನಿಮ್ಮ ತಾತ ಮಾಡುವ ಆಶೀರ್ವಾದ.

ಹೇಗಿದ್ದೀಯಮ್ಮ? ಕೆಮ್ಮು ಹೋಯಿತಾ? ಆ ಕಾಡಂಚಿನ ಊರಿನಲ್ಲಿ ಫೋನು ಸಿಗುವುದಿಲ್ಲವಾದ್ದರಿಂದ, ನಾಳೆ ಅಲ್ಲಿಗೆ ಹೊರಟಿರುವ ನಿನ್ನ ಗೆಳತಿಯ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಾನೂ ನಿಮ್ಮಜ್ಜಿಯೂ ಚೆನ್ನಾಗಿದ್ದೇವೆ. ನೀನು ಓದಿಗೆಂದು ಸಾಕಿ, ನಮ್ಮ ಕೈಗೆ ಬಿಟ್ಟುಹೋದ ಹುಳುಗಳು ನಮಗಿಂತ ಚೆನ್ನಾಗಿವೆ.

ನಮ್ಮ ಬೆಂಡೆ ಹೊಲದಲ್ಲಿ ಇದೇ ಕೆಂಪು ತಿಗಣೆಗಳನ್ನು ಸೀಮೆಎಣ್ಣೆ ನೀರಿಗೆ ಕೊಡವಿ ಕೊಡವಿ ಸಾಯಿಸಿದವನು ನಾನು. ಈಗ ಎಪ್ಪತ್ತಾರನೆಯ ವಯಸ್ಸಿನಲ್ಲಿ ಅವಕ್ಕೆ ಹತ್ತಿಬೀಜ ನೆನೆಹಾಕಿ ಬಡಿಸುತ್ತಿದ್ದೇನೆ. ತೊಡೆ ಪೂರ್ತಿ ಕೆಂಪಗಿದ್ದರೆ ಒಂದು ಜಾತಿ, ಕಪ್ಪು ಬೆರೆತಿದ್ದರೆ ಇನ್ನೊಂದು, ಎರಡನ್ನೂ ಬೆರೆಸಲೇಬಾರದು ಎಂದು ಹೇಳಿ ಬಸ್ಸು ಹತ್ತಿಬಿಟ್ಟೆ. ಹುಳುವಿನ ತೊಡೆ ನೋಡುವ ವಯಸ್ಸೇನಮ್ಮ ನನ್ನದು!

ಶುಕ್ರವಾರ ನಿಮ್ಮಜ್ಜಿ ಮೆಟ್ಟಿಲ ಮೇಲೆ ನಿಂತು, "ರೀ, ತಿಗಣೆಗೆ ಊಟ ಹಾಕಿದ್ರಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಮೇಲ್ಮನೆಯ ಬಾಡಿಗೆದಾರ ಚಿರಂತ್ ಅದನ್ನು ಹಾಸಿಗೆಯ ತಿಗಣೆ ಎಂದುಕೊಂಡ. ಮಧ್ಯಾಹ್ನದೊಳಗೆ ಔಷಧಿ ಹೊಡೆಯುವವನನ್ನೇ ಕರೆತಂದ. "ಇದು ಗಿಡದ ರಸ ಹೀರೋದು ಕಣಪ್ಪ, ಮನುಷ್ಯರನ್ನ ಮುಟ್ಟಲ್ಲ" ಎಂದೆ. "ಅಂಕಲ್, ತಿಗಣೆ ಅಂದ್ರೆ ತಿಗಣೆ. ಸ್ಪ್ರೇ ಮಾಡಿಸಿ, ಇಲ್ಲಾಂದ್ರೆ ಮನೆ ಖಾಲಿ ಮಾಡ್ತೀನಿ" ಎಂದ. ಅಷ್ಟರಲ್ಲಿ ಔಷಧಿಯವನು ಪಂಪು ಹೆಗಲಿಗೇರಿಸಿಕೊಂಡು ನಿನ್ನ ಕೋಣೆಯತ್ತ ನಡೆದೇಬಿಟ್ಟ. ನಾನು ಬಾಗಿಲಿಗೆ ಅಡ್ಡ ನಿಂತೆ. "ಎರಡು ವರ್ಷದಿಂದ ನನ್ನ ಮೊಮ್ಮಗಳು ಇವುಗಳ ಹಿಂದೆ ಬಿದ್ದವಳೆ. ಹೊಡೆಯೋದಾದ್ರೆ ಮೊದಲು ನನ್ ಮೇಲೆ ಹೊಡಿ" ಎಂದೆ. ನಾನು, ಹಾಗೆಂದೆ! ಅವನು ಗೊಣಗುತ್ತಾ ಹೋದ. ಮರುದಿನ ಚಿರಂತ್ ಕೂಡ ಗಂಟುಮೂಟೆ ಕಟ್ಟಿದ. ಈಗ ಬೀದಿಯವರೆಲ್ಲ ನಮ್ಮ ಮನೆಯ ಕುರ್ಚಿಯ ಮೇಲೆ ಕೂರಲು ಹಿಂದೆಮುಂದೆ ನೋಡುತ್ತಾರೆ. ಓದಲು ಲೋಕದಲ್ಲಿ ಬೇರೇನೂ ಇರಲಿಲ್ಲವೇ ನಿನಗೆ?

ಹೊತ್ತು ಹೊತ್ತಿಗೆ ಊಟ ಮಾಡು. ನೂರು ವರ್ಷ ಬಾಳು.

ನಿನ್ನ ತಾತ,
ಪಿಳ್ಳಪ್ಪ

ತಾ.ಕ.: ಹೇಳದೆ ಇರಲಾರೆ. ನಾನು ಬಾಗಿಲಲ್ಲಿ ಜಗಳವಾಡುತ್ತಿದ್ದಾಗ ನಿಮ್ಮಜ್ಜಿ ಹುಳುಗಳ ಡಬ್ಬಿಗಳನ್ನು ಹಿಂಬಾಗಿಲಿನಿಂದ ಹಿತ್ತಿಲಿಗೆ ಸಾಗಿಸಲು ಹೋಗಿ ಎರಡನ್ನೂ ಕೈಬಿಟ್ಟಳು. ಹುಳುಗಳನ್ನೆಲ್ಲ ಹಿಡಿದು ತುಂಬಿದೆವು, ಆದರೆ ಜಾತಿಗಳು ಬೆರೆತುಹೋದವು. ಮೂರು ದಿನದಿಂದ ಭೂತಗನ್ನಡಿ ಹಿಡಿದು ಬೇರೆ ಮಾಡುತ್ತಿದ್ದೇನೆ, ಮುಗಿಯುತ್ತಿಲ್ಲ. ನಿನ್ನ ಓದು ಕೆಟ್ಟಿತೆಂದು ಅವಳು ಅನ್ನ ಮುಟ್ಟುತ್ತಿಲ್ಲ. ಬೀಳಿಸಿದವನು ನಾನೇ ಎಂದು ನಿನಗೆ ಬರೆದಿರುವುದಾಗಿ ಅವಳಿಗೆ ಹೇಳಿದ್ದೇನೆ. ಬೇಗ ಬಾ. ಬಂದವಳು ಅವಳೆದುರಿಗೆ ನನ್ನನ್ನೇ ಚೆನ್ನಾಗಿ ಬಯ್ಯಿ.