ಮೂರು ಲೋಟದ ಅಳತೆ

ಸಪ್ತಾಪುರ, ಧಾರವಾಡ
ಶನಿವಾರ, ೨೩ ನವೆಂಬರ್ ೨೦೨೪, ಬೆಳಗಿನ ಆರು ಗಂಟೆ

ಗುರುಬಸವ ಅವರಿಗೆ ರಜನಿಯ ನಮಸ್ಕಾರ.

ಗಂಡನ ಹೆಸರು ಹಿಡಿದು ಬರೆದಳಲ್ಲ ಎಂದು ಹುಬ್ಬೇರಿಸಬೇಡಿ. ಹತ್ತು ತಿಂಗಳಿಂದ ಅಕ್ಕನ ಮನೆಯಲ್ಲಿದ್ದೇನೆ. "ರೀ" ಎಂದು ಕರೆದರೆ ತಿರುಗಿ ನೋಡಲು ಇಲ್ಲಿ ನೀವಿಲ್ಲ. ನಾಳೆ ಹನ್ನೊಂದು ಗಂಟೆಗೆ ಎರಡೂ ಕಡೆಯ ಹಿರಿಯರು ನಮ್ಮ ಬೈರಿದೇವರಕೊಪ್ಪದ ಮನೆಯಲ್ಲಿ ಕೂಡುತ್ತಾರೆ. ಕೂಡಿ ಬಾಳುತ್ತೀರೋ, ಬಿಡುಗಡೆಯ ಕಾಗದಕ್ಕೆ ಸಹಿ ಹಾಕುತ್ತೀರೋ, ಒಂದನ್ನು ಹೇಳಿ ಎನ್ನುತ್ತಾರೆ. ಶಾಲೆಯಲ್ಲಿ ನಲವತ್ತು ಮಕ್ಕಳ ಬಾಯಿ ಮುಚ್ಚಿಸುವ ನನಗೆ ಹಿರಿಯರ ಎದುರು ಬಾಯಿ ಕಟ್ಟಿಬಿಡುತ್ತದೆ. ಅದಕ್ಕೇ ಈ ಪತ್ರ.

ನಿನ್ನೆ ಉಣಕಲ್ ಕೆರೆಗೆ ಬಾ ಎಂದು ನೀವು ಕರೆದಾಗ ಅಕ್ಕ ನಕ್ಕಳು. "ಬಿಡೂ ಮುಂದ ಪ್ರೀತಿ ಉಕ್ಕೇತೇನು?" ಎಂದಳು. ನಾನು ಚಿಗರಿ ಬಸ್ ಹತ್ತಿದೆ. ನೀವು ಇಸ್ತ್ರಿ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಿರಿ, ಹೆಣ್ಣು ನೋಡಲು ಬಂದವರ ಹಾಗೆ. ಉಗುರಿನ ಸಂದಿಯಲ್ಲಿ ಮಾತ್ರ ತಾರಿಹಾಳದ ಕಾರ್ಖಾನೆಯ ಎಣ್ಣೆ ಹಾಗೇ ಇತ್ತು. ಕೈಯಲ್ಲಿ ಹೂವಿನ ಪೊಟ್ಟಣ ಕಂಡು ಎರಡು ಹೆಜ್ಜೆ ಹಿಂದೆ ಸರಿದೆ. ಬಿಚ್ಚಿದರೆ ಅಬ್ಬಲಿಗೆ. ಮಲ್ಲಿಗೆ ತಂದಿರಲಿಲ್ಲ. ಹೋದ ವರ್ಷ ಎದೆಯ ಹಾಲು ಬತ್ತಲಿ ಎಂದು ಅತ್ತೆಯವರು ಏಳು ದಿನ ನನ್ನ ಎದೆಗೆ ಮಲ್ಲಿಗೆ ಕಟ್ಟಿದ್ದರು. ಅಂದಿನಿಂದ ಆ ವಾಸನೆ ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ನೀವು ಅದನ್ನು ನೆನಪಿಟ್ಟಿದ್ದಿರಿ. ಹೂ ಮುಡಿದುಕೊಂಡೆ.

ಕೆರೆಯ ದಂಡೆಯಲ್ಲಿ ಗಿರಮಿಟ್ ತಿಂದೆವು. ಖಾರಕ್ಕೆ ನಿಮ್ಮ ಮೂಗು ಸೋರಿತು, ನಾನು ಸೆರಗು ಕೊಟ್ಟೆ. ಅಭ್ಯಾಸ ಬಲ ನೋಡಿ! ಆಚೆ ಬೆಂಚಿನ ಮುದುಕಿ ನಮ್ಮನ್ನು ನೋಡಿ, "ಹೊಸಾ ಜೋಡಿ ಏನವಾ?" ಎಂದಳು. ನೀವು "ಹೌದ್ರೀ" ಎಂದಿರಿ. ನಾನು ನೀರಿನ ಕಡೆ ಮುಖ ತಿರುಗಿಸಿದೆ. ಅಳು ಬಂದಿತ್ತು.

ಆಮೇಲೆ ಮನೆಗೆ ಕರೆದುಕೊಂಡು ಹೋದಿರಿ. ಅಡುಗೆ ಮನೆಯಲ್ಲಿ ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, "ಇವತ್ತು ನೀ ಏನೂ ಮುಟ್ಟಬ್ಯಾಡ" ಎಂದಿರಿ. ಬೆಳಗ್ಗೆಯೇ ನೆನೆಹಾಕಿದ್ದ ಶೇಂಗಾದ ಸಿಪ್ಪೆ ತಿಕ್ಕಿ ತೆಗೆದು, ಮಿಕ್ಸರಿನಲ್ಲಿ ನುಣ್ಣಗೆ ಅರೆದು, ತೆಳು ಅರಿವೆಯಲ್ಲಿ ಹಿಂಡಿದಿರಿ. ಬೆಳ್ಳಗಿನ ಹಾಲು ಪಾತ್ರೆಗೆ ಬಿದ್ದಾಗ ನಾನು ಕಣ್ಣು ಮುಚ್ಚಿದೆ. ನಿಮಗೆ ಅದೂ ಕಂಡಿತು. ಲಗುಬಗೆಯಿಂದ ಕೋಕೋ ಪುಡಿ ಹಾಕಿ ಬಿಳುಪು ಕಾಣದಂತೆ ಮಾಡಿದಿರಿ. ಬೆಲ್ಲ, ಚಿಟಿಕೆ ಉಪ್ಪು, ಏಲಕ್ಕಿ. ತಳ ಹತ್ತದಂತೆ ಕೈ ಬಿಡದೆ ತಿರುವುತ್ತ, "ಇದಕ್ಕ ಹಾಟ್ ಚಾಕ್ಲೇಟ್ ಅಂತಾರ. ಹನಿ ಹಾಲಿಲ್ಲ, ಬೆಣ್ಣಿಲ್ಲ. ಪುಡಿ ಡಬ್ಬಿ ಮ್ಯಾಲಿಂದು ಮೂರು ಸಲ ಓದೇನಿ" ಎಂದಿರಿ. ನಾಲ್ಕು ಭಾನುವಾರ ಮಾಡಿ ಮಾಡಿ ಕೆಡಿಸಿ, ಆಚೆ ಮನೆಯ ಇಮಾಮಬಿಯವರಿಗೆ ಕುಡಿಸಿ ನೋಡಿದಿರಂತೆ. ಪಾಪ, ಆ ಹಿರಿ ಜೀವ ಏನು ತಪ್ಪು ಮಾಡಿತ್ತು!

ನಾನು ಹಾಲು ಬಿಟ್ಟದ್ದು ಯಾಕೆಂದು ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ. ಚಹಾ ಬೇಡ, ಮೊಸರು ಬೇಡ ಎಂದಾಗ ಶಾಯಿಸ್ತಾ ಟೀಚರ್, "ನೀವು ವೀಗನ್ ಆಗೀರೇನ್ರಿ?" ಎಂದು ಕೇಳಿದರು. ಹಾಲು-ಬೆಣ್ಣೆ ಮುಟ್ಟದವರಿಗೆ ಹಾಗನ್ನುತ್ತಾರಂತೆ. ಹೌದು ಎಂದೆ. ಒಂದು ಶಬ್ದ ನನ್ನ ಮಾನ ಉಳಿಸಿತು. ನಿಮಗೆ ಮಾತ್ರ ಗೊತ್ತಿತ್ತು. ಹಾಗಿದ್ದರೂ ಒಮ್ಮೆಯೂ ಬರೆಯದ ಮಾತನ್ನು ಇವತ್ತು ಬರೆಯುತ್ತೇನೆ.

ನಮ್ಮ ಕೂಸು ಹನ್ನೊಂದು ದಿನ ಇತ್ತು. ಶಿರಗುಪ್ಪಿಯ ಹೊಲದ ಬದುವಿನಲ್ಲಿ, ಬನ್ನಿ ಗಿಡದ ಕೆಳಗೆ ಮಣ್ಣು ಮಾಡಿದಿರಿ. ಹಸಿ ಬಾಣಂತಿ ಬರಬಾರದು ಎಂದು ನನ್ನನ್ನು ಕೋಣೆಯಲ್ಲೇ ಬಿಟ್ಟಿರಿ. ಮೂರನೆಯ ದಿನ ಹಾಲು-ತುಪ್ಪ ಎರೆಯಲು ಹೊರಟಾಗ ನಾನು ಎದೆಯ ಹಾಲು ಹಿಂಡಿ, ಹಿತ್ತಾಳೆ ಬಟ್ಟಲಲ್ಲಿ ನಿಮ್ಮ ಕೈಗೆ ಕೊಟ್ಟೆ. ಎಮ್ಮೆಯ ಹಾಲು ಅವಳಿಗೆ ಗೊತ್ತಿಲ್ಲ, ಇದನ್ನೇ ಹಾಕಿ ಎಂದೆ. ಸಂಜೆ ಬಂದು "ಹಾಕಿದೆ" ಎಂದಿರಿ. ಆ ಒಂದು ಮಾತಿನಿಂದ ನಾನು ಎರಡು ತಿಂಗಳು ಬದುಕಿದೆ. ಜನವರಿಯಲ್ಲಿ ಇಮಾಮಬಿಯವರು ಏನೂ ಅರಿಯದೆ ಹೇಳಿದರು: "ನಿನ್ನ ಕರಿಬೇವು ಎಷ್ಟು ಛಲೋ ಚಿಗತೈತಿ ನೋಡವಾ. ನಿನ್ನ ಗಂಡ ಅವತ್ತು ಬಟ್ಟಲ ತುಂಬ ಹಾಲು ಹಾಕಿದ್ನಲ್ಲ." ಆ ಗಿಡದ ಎಲೆಯನ್ನೇ ದಿನಾ ಒಗ್ಗರಣೆಗೆ ಹಾಕುತ್ತಿದ್ದೆ. ನನ್ನ ಮಗುವಿನ ಪಾಲನ್ನು ನಾನೇ ಉಂಡಿದ್ದೆ. ಅಂದು ನಿಮ್ಮನ್ನು ದ್ವೇಷಿಸಿದೆ, ಖರೇ ಹೇಳುತ್ತೇನೆ. ಅದೇ ಸಂಜೆ ಚೀಲ ತುಂಬಿಕೊಂಡು ಹೊರಟೆ.

ನಿನ್ನೆ ಒಲೆಯ ಮುಂದೆ ನಿಂತು ನೀವು, "ತಪ್ಪು ನಂದ. ಹೊಲದ ತನಕಾ ಒಯ್ದಿದ್ದೆ, ಹಾಕಲಿಲ್ಲ. ಮನಿಗೆ ತಂದು, ಕಾಲ್ತುಳಿತಕ್ಕ ಸಿಗಬಾರದಂತ ಗಿಡದ ಬುಡಕ್ಕ ಹಾಕಿದೆ. ಯಾಕಂತ ಕೇಳಬ್ಯಾಡ" ಎಂದಿರಿ. ಕೇಳಿದೆ. ಮೂರು ಸಲ ಕೇಳಿದೆ. ಚಮಚ ತಿರುವುತ್ತಲೇ ಇದ್ದಿರಿ. ಹೇಳಿದ್ದರೆ ನಿನ್ನೆಯೇ ಅಲ್ಲಿ ಉಳಿಯುತ್ತಿದ್ದೆನೇನೋ.

ಚಾಕ್ಲೇಟ್ ಚೆನ್ನಾಗಿತ್ತು. ಗಂಟಲಲ್ಲಿ ಬೆಚ್ಚಗೆ ಇಳಿಯಿತು. ಆದರೆ ನೀವು ಮೂರು ಲೋಟ ತುಂಬಿದ್ದಿರಿ. ನಾನು ನೋಡಿದಾಗ, "ಅಳತಿ ತಪ್ಪಿತು" ಎಂದಿರಿ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಬ್ಬಿಣವನ್ನು ಮತ್ತೆ ಲೇತ್ ಯಂತ್ರಕ್ಕೆ ಕೊಡುವ ಮನುಷ್ಯ ನೀವು. ಇಬ್ಬರು ಕುಡಿಯುವಲ್ಲಿ ಮೂರನೆಯ ಲೋಟ ಯಾರಿಗೆ ಎಂದು ನಾನು ಕೇಳಲಿಲ್ಲ. ಪೊಟ್ಟಣದಲ್ಲಿ ಉಳಿದ ಹೂವಿಗೆ ನೀರು ಚಿಮುಕಿಸಲು ನೀವು ಹೊರಗೆ ಹೋದಾಗ, ಎಂಟರ ಬಸ್ಸಿಗೆ ಹೊರಟುಬಿಟ್ಟೆ. ಹೇಳಿ ಹೋಗುವ ಧೈರ್ಯ ಇರಲಿಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯಲು ಕುಳಿತಿದ್ದೆ. ಕೈ ಓಡುತ್ತಿಲ್ಲ. ಸುಳ್ಳಿಗಿಂತ ಆ ಸುಮ್ಮನಿರುವಿಕೆಯೇ ಹೆಚ್ಚು ನೋಯಿಸುತ್ತದೆ. ಕಾರಣ ಹೇಳದವರ ಜೊತೆ ಹೇಗೆ ಬಾಳಲಿ? ನಾಳೆ ಹಿರಿಯರು ಕೇಳಿದರೆ ಸಹಿ ಹಾಕುತ್ತೇನೆ ಎಂದೇ ಹೇಳುವವಳಿದ್ದೇನೆ. ಸಿಟ್ಟು ಮಾಡಿಕೊಳ್ಳಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಒಂದು ಕಾಲದ ನಿಮ್ಮವಳು,
ರಜನಿ

ತಾ.ಕ.: ಮಧ್ಯಾಹ್ನ ಒಂದು ಗಂಟೆ, ಶಿರಗುಪ್ಪಿ ಬಸ್ ನಿಲ್ದಾಣ. ಕಾರ್ಖಾನೆಗೆ ಚಹಾ ಒಯ್ಯುವ ನಿಮ್ಮ ಫ್ಲಾಸ್ಕ್ ಹುಡುಕಬೇಡಿ, ನನ್ನ ಹತ್ತಿರ ಇದೆ. ನಿನ್ನೆ ಆ ಮೂರನೆಯ ಲೋಟವನ್ನು ಅದಕ್ಕೆ ಸುರುವಿಕೊಂಡು ಬಂದಿದ್ದೆ. ಮೇಲೆ ಬರೆಯಲು ನಾಚಿಕೆಯಾಯಿತು. ಇವತ್ತು ಮೊದಲ ಸಲ ಬನ್ನಿ ಗಿಡದ ಹತ್ತಿರ ಹೋದೆ. ಅತ್ತೆಯವರು ಅಲ್ಲಿ ಕಳೆ ಕೀಳುತ್ತಿದ್ದರು. ನನ್ನನ್ನು ಕಂಡು ಕುಡುಗೋಲು ಕೆಳಗಿಟ್ಟು, ಕೇಳದೆಯೇ ಹೇಳಿದರು: "ಅವತ್ತು ನಾನ ಅವನ ಕೈ ಹಿಡಿದೆ, ಯವ್ವಾ. ತಾಯಿ ಹಾಲು ಕೂಸಿನ ಕುಣಿ ಮಣ್ಣಿಗೆ ಬಿದ್ರ ಮುಂದಿನ ಕೂಸಿಗೆ ಹಾಲು ಬರೂದಿಲ್ಲಂತ ನಮ್ಮ ಹಿರ್ಯಾರು ಅಂತಿದ್ರು. ನನ್ನ ಹೆಸರು ಹೇಳಬ್ಯಾಡಂತ ಅವನ ಕಡಿಂದ ಆಣಿ ಮಾಡಿಸಿಕೊಂಡೆ. ನಿನ್ನ ಮುಂದಿನ ಕೂಸಿನ ಆಸೆ ನನಗ." ಅವರ ಮೇಲೆ ಸಿಟ್ಟು ಬರಲಿಲ್ಲ. ಕೂತು ಇಬ್ಬರೂ ಅತ್ತೆವು. ಫ್ಲಾಸ್ಕ್ ತೆರೆದೆ, ಇನ್ನೂ ಉಗುರುಬೆಚ್ಚಗಿತ್ತು. "ಕರ್ರಗ ಐತಲ್ಲ, ಏನವಾ ಇದು?" ಎಂದರು. "ಶೇಂಗಾ ಹಾಲ್ರೀ ಅತ್ತಿ, ನಿಮ್ಮ ಮಗ ಮಾಡ್ಯಾರ" ಎಂದೆ. "ಹಂಗಾರ ಈ ಹೊಲದ್ದ. ಹೋದ ತಿಂಗಳ ಚೀಲ ಒಯ್ದಾನ. ಹಾಕು, ಕುಡೀಲಿ" ಎಂದರು. ಪೂರ್ತಿ ಎರೆದೆ. ಮಣ್ಣು ಕುಡಿಯಿತು.

ಈ ಪತ್ರವನ್ನು ದಾರಿಯಲ್ಲಿ ಇಮಾಮಬಿಯವರ ಕೈಗೆ ಕೊಟ್ಟು ಹೋಗುತ್ತೇನೆ. ಹಿರಿಯರಿಗೆ ಫೋನ್ ಮಾಡಿ, ಬರುವುದು ಬೇಡ ಎನ್ನಿ. ನಾನು ನಾಳೆ ಚೀಲದ ಸಮೇತ ಬರುತ್ತೇನೆ. ರಾತ್ರಿಯೇ ಶೇಂಗಾ ನೆನೆಹಾಕಿಡಿ, ರೀ. ಅಳತೆ ತಪ್ಪಬೇಡಿ, ಮೂರು ಲೋಟಕ್ಕೇ ಮಾಡಿ.